ವೈನಿ ತೋರಿಸಿದ ಕರಿ ಚುಕ್ಕೆ

ಶ್ರಾವಣದ ಒಂದು ಶನಿವಾರ. ವಿಜಯಪುರದಲ್ಲಿ ಮಧ್ಯಾಹ್ನದ ಬಸ್ಸು ಹಿಡಿದೆ. ಜಮಖಂಡಿ ದಾಟಿ, ಮುಧೋಳದಲ್ಲಿ ಇಳಿದು, ಟಂಟಂ ಹತ್ತಿ ಊರು ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಮನೆ ಬಾಗಿಲಿಗೆ ಚಿಲಕ ಹಾಕಿತ್ತು. ಎಲ್ಲರೂ ಎಲ್ಲಿರುತ್ತಾರೆ ಅಂತ ನನಗೆ ಗೊತ್ತು. ಚೀಲವನ್ನು ಕಟ್ಟೆಯ ಮೇಲಿಟ್ಟು ಸೀದಾ ಹೊಲದ ದಾರಿ ಹಿಡಿದೆ. ರೇಷ್ಮೆ ಮನೆಯ ಹೊರಬಾಗಿಲು ತೆಗೆದಿದ್ದೇ ತಡ, ಒಳಗಿನಿಂದ ದನಿ ಬಂತು.

"ಬಾಗ್ಲಾ ಹಾಕ್ಕೊ ತಂಗಿ, ಮೊದ್ಲ ಬಾಗ್ಲಾ ಹಾಕ್ಕೊ! ನೊಣ ಬರ್ತೈತಿ."

ಅದು ನನ್ನ ವೈನಿ, ಅಣ್ಣನ ಹೆಂಡತಿ. ಯಾವಾಗ ಬಂದೆ, ಊಟ ಆಯ್ತಾ ಅನ್ನೋದೆಲ್ಲ ಆಮೇಲೆ. ನಮ್ಮ ರೇಷ್ಮೆ ಮನೆಗೆ ಎರಡು ಬಾಗಿಲು. ನಡುವೆ ಇಬ್ಬರು ನಿಲ್ಲುವಷ್ಟು ಪುಟ್ಟ ಕತ್ತಲೆ ಕೋಣೆ. ಹೊರಬಾಗಿಲು ಪೂರ್ತಿ ಹಾಕದೆ ಒಳಬಾಗಿಲು ಮುಟ್ಟುವಂತಿಲ್ಲ. ಕಿಟಕಿಗಳಿಗೆಲ್ಲ ನೈಲಾನ್ ಪರದೆ. ಇಷ್ಟೆಲ್ಲ ಕಾವಲು ಕಳ್ಳರಿಗಾಗಿ ಅಲ್ಲ, ಹಾವಿಗಾಗಿಯೂ ಅಲ್ಲ. ಮನೆ ನೊಣಕ್ಕಿಂತ ಸ್ವಲ್ಪ ದೊಡ್ಡದಿರುವ ಒಂದು ನೊಣಕ್ಕಾಗಿ. ಅದೇ ಊಜಿ ನೊಣ.

ಒಳಗೆ ಹುಳುಗಳು ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. ಪೊರೆ ಬಿಡಲು ಹುಳು ತಿನ್ನುವುದನ್ನು ನಿಲ್ಲಿಸಿ ತಲೆ ಎತ್ತಿ ಸುಮ್ನೆ ಕೂರುತ್ತದಲ್ಲ, ಅದಕ್ಕೆ ಬೆಳೆಗಾರರು ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಮುಗಿದರೆ ಐದನೇ ಹಂತ. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಹುಳು ಈ ಏಳೆಂಟು ದಿನಗಳಲ್ಲೇ ತಿಂದು ಮುಗಿಸುತ್ತದೆ. ಆಗ ಮನೆಯೊಳಗೆ ಒಂದು ಸದ್ದು ತುಂಬಿಕೊಳ್ಳುತ್ತದೆ. ಕಬ್ಬಿನ ರವದಿಯ ಮೇಲೆ ತುಂತುರು ಬಿದ್ದ ಹಾಗೆ. ಸಾವಿರಾರು ಬಾಯಿಗಳು ಒಟ್ಟಿಗೆ ತಿನ್ನುವ ಸದ್ದು ಅದು.

ವೈನಿ ಒಂದು ಹುಳುವನ್ನು ಅಂಗೈ ಮೇಲೆ ಇಟ್ಟುಕೊಂಡು ಟಾರ್ಚ್ ಹಿಡಿದರು. "ನೋಡಿಲ್ಲೆ."

ಬೆಳ್ಳಗೆ, ತಣ್ಣಗೆ, ಬೆರಳುದ್ದದ ಹುಳು. ಪಕ್ಕೆಯ ಮೇಲೆ, ಎರಡು ಮಡಿಕೆಗಳ ನಡುವೆ, ಒಂದು ಕರಿ ಚುಕ್ಕೆ. ಸಾಸಿವೆ ಕಾಳಿಗಿಂತ ಚಿಕ್ಕದು. ಯಾರೋ ಪೆನ್ನಿನ ತುದಿ ತಾಗಿಸಿದಂತೆ ಇತ್ತು.

"ಇದು ಉಳಿಯೂದಿಲ್ಲ," ಅಂದರು. ಹುಳುವನ್ನು ಮುಚ್ಚಳದ ಡಬ್ಬಿಗೆ ಹಾಕಿದರು. ಮತ್ತೆ ಬಗ್ಗಿದರು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ರೇಷ್ಮೆ ಹುಳುವಿನ ಜೀವನಚಕ್ರವನ್ನು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಮೊಟ್ಟೆ, ಹುಳು, ಗೂಡು, ಪತಂಗ, ನಾಲ್ಕು ಬಾಣದ ಗುರುತು. ಆ ವೃತ್ತದೊಳಗೆ ಇನ್ನೊಂದು ವೃತ್ತ ಅಡಗಿ ಕೂತಿರುತ್ತದೆ ಅಂತ ಓದಿ ಗೊತ್ತಿತ್ತು. ಆದರೆ ಅದನ್ನು ಒಂದು ಚುಕ್ಕೆಯಲ್ಲಿ ಗುರುತಿಸಲು ನನಗೆ ಬರುತ್ತಿರಲಿಲ್ಲ. ಹತ್ತನೇ ತರಗತಿಗೆ ಶಾಲೆ ಬಿಟ್ಟ ವೈನಿಗೆ ಬರುತ್ತದೆ. ಆವತ್ತು ರಾತ್ರಿ ಹತ್ತರವರೆಗೆ ಅವರ ಹಿಂದೆಯೇ ಟಾರ್ಚ್ ಹಿಡಿದು ತಿರುಗಿದೆ. ಈ ಬರಹ ಆ ರಾತ್ರಿಯಿಂದ ಶುರುವಾಯಿತು.

ನಮ್ಮೂರು ಘಟಪ್ರಭೆಯ ದಂಡೆಗಿದೆ. ಎತ್ತ ನೋಡಿದರೂ ಕಬ್ಬು. ಏಳು ವರ್ಷದ ಹಿಂದೆ ಅಣ್ಣ ಎರಡು ಎಕರೆ ಕಬ್ಬು ತೆಗೆದು ಹಿಪ್ಪುನೇರಳೆ ಹಚ್ಚಿದ. ಕಬ್ಬು ವರ್ಷಕ್ಕೊಮ್ಮೆ ದುಡ್ಡಿನ ಮುಖ ತೋರಿಸುತ್ತದೆ, ರೇಷ್ಮೆ ವರ್ಷಕ್ಕೆ ಐದಾರು ಸಲ ತೋರಿಸುತ್ತದೆ ಅನ್ನೋದು ಅವನ ಲೆಕ್ಕ. ಅಪ್ಪನಿಗೆ ಮನಸ್ಸಿರಲಿಲ್ಲ. "ಹುಳಾ ಸಾಕಿ ಬದುಕೂದೇನು?" ಅಂತ ಎರಡು ತಿಂಗಳು ಮಾತು ಬಿಟ್ಟಿದ್ದರು. ಮೊದಲ ಬೆಳೆ ಬಂದಾಗ ಗೂಡು ಬಿಡಿಸಲು ಎಲ್ಲರಿಗಿಂತ ಮೊದಲು ಕೂತವರು ಅಪ್ಪನೇ.

ಮೂರನೇ ವರ್ಷ ಒಂದು ಬೆಳೆ ಕೈಬಿಟ್ಟಿತು. ಆ ಸಲ 150 ಮೊಟ್ಟೆ ತಂದಿದ್ದರು. ಇಲ್ಲಿ ಒಂದು ಮೊಟ್ಟೆ ಅಂದರೆ ಒಂದು ಪತಂಗ ಇಟ್ಟ ಅಷ್ಟೂ ಮೊಟ್ಟೆಗಳ ಲೆಕ್ಕ, ಸುಮಾರು 400ರಿಂದ 500. ಅಂದರೆ ಆ ಮನೆಯಲ್ಲಿ ಅರವತ್ತು ಸಾವಿರಕ್ಕೂ ಜಾಸ್ತಿ ಹುಳು. ಮಳೆಗಾಲ. ಹಿಂದಿನ ಕಿಟಕಿಯ ಪರದೆ ಮೂಲೆಯಲ್ಲಿ ಹರಿದಿತ್ತು. ಸೊಪ್ಪಿನ ಹೊರೆ ಇಳಿಸುವಾಗ ಕೋಲು ತಾಗಿ ಹರಿದಿದ್ದಂತೆ. ಎರಡು ಬೆರಳು ಹೋಗುವಷ್ಟು ಸಂದು, ಅಷ್ಟೇ. ಯಾರೂ ಗಮನಿಸಲಿಲ್ಲ. ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ತಯಾರಾಗುವ ಹೊತ್ತಿಗೆ ನೆಲದ ಮೇಲೆ ಅಲ್ಲಲ್ಲಿ ಹಳದಿ ಬಿಳುಪಿನ ಮರಿಗಳು ಉರುಳಾಡತೊಡಗಿದವು. ಗೂಡು ಕಟ್ಟಲೆಂದು ಹುಳು ಬಿಡುವ ತಟ್ಟಿಗೆ ಚಂದ್ರಿಕೆ ಅನ್ನುತ್ತಾರೆ. ಚಂದ್ರಿಕೆಗೆ ಏರಿದ ಹುಳುಗಳಲ್ಲಿ ಎಷ್ಟೋ ಅರ್ಧ ಗೂಡು ಕಟ್ಟಿ ಕಪ್ಪಗಾದವು. ಪೂರ್ತಿ ಕಟ್ಟಿದ ಗೂಡುಗಳಲ್ಲೂ ಎಷ್ಟೋ ಗೂಡುಗಳಿಗೆ ತೂತು. ಅಂಥ ಗೂಡನ್ನು ನೂಲು ಬಿಚ್ಚುವವರು ಕೈಯಲ್ಲಿ ಹಿಡಿಯುವುದಿಲ್ಲ. ಒಳ್ಳೆ ಗೂಡಿನಲ್ಲಿ ಹೆಚ್ಚು ಕಡಿಮೆ ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಸುತ್ತಿರುತ್ತದೆ. ಅದರಲ್ಲಿ ಒಂದು ತೂತು ಬಿದ್ದರೆ ಆ ಎಳೆ ನೂರು ಕಡೆ ಕಡಿದ ಹಾಗೆ.

ಆ ವರ್ಷ ದೀಪಾವಳಿಗೆ ಅವ್ವ ಹೊಸ ಇಳಕಲ್ ಸೀರೆ ತೆಗೆದುಕೊಳ್ಳಬೇಕು ಅಂತಿದ್ದಳು. ಮೈ ನೂಲಿಂದು, ಸೆರಗು ರೇಷ್ಮೆಯದು. ತೆಗೆದುಕೊಳ್ಳಲಿಲ್ಲ. ಯಾರೂ ಆ ಮಾತು ಎತ್ತಲೂ ಇಲ್ಲ.

ವೈನಿ ಚುಕ್ಕೆ ಓದುವುದನ್ನು ಕಲಿತದ್ದು ಆ ಬೆಳೆ ಹೋದ ಮೇಲೆ.

ಈಗ ಆ ಚುಕ್ಕೆಯ ಕತೆ ಹೇಳುತ್ತೇನೆ. ಇದನ್ನು ಅವಸರ ಮಾಡದೆ ಹೇಳಬೇಕು.

ಊಜಿ ನೊಣ ಬೂದು ಕಪ್ಪು ಬಣ್ಣದ್ದು. ಬೆನ್ನಿನ ಮೇಲೆ ಉದ್ದಕ್ಕೆ ನಾಲ್ಕು ಕಪ್ಪು ಗೆರೆಗಳು. ಮೈಮೇಲೆ ಗಡುಸು ಕೂದಲು. ಹೆಣ್ಣು ನೊಣ ರೇಷ್ಮೆ ಹುಳುವಿನ ಮೇಲೆ ಕೂತು, ಹಿಂಭಾಗ ಬಗ್ಗಿಸಿ, ಒಂದು ಮೊಟ್ಟೆ ಅಂಟಿಸಿ ಹಾರುತ್ತದೆ. ಕೆಲವೊಮ್ಮೆ ಎರಡು, ಮೂರು. ಮೊಟ್ಟೆ ಕೆನೆ ಬಣ್ಣದ್ದು. ಸಣ್ಣ ರವೆಯ ಒಂದು ಕಾಳಿನಷ್ಟು, ಅರ್ಧ ಮಿಲಿಮೀಟರ್. ಬಿಳಿ ಹುಳುವಿನ ಮೇಲೆ ಕೆನೆ ಬಣ್ಣದ ಮೊಟ್ಟೆ, ಅದೂ ಮಡಿಕೆಗಳ ಸಂದಿಯಲ್ಲಿ. ಹೇಗೆ ಕಾಣಬೇಕು? ಒಂದು ಹೆಣ್ಣು ತನ್ನ ಎರಡು ಮೂರು ವಾರದ ಬದುಕಿನಲ್ಲಿ 300ರಿಂದ 1000ದವರೆಗೂ ಮೊಟ್ಟೆ ಇಡಬಲ್ಲದು. ನಮ್ಮ ಮನೆಗೆ ಆ ಸಂದಿಯಿಂದ ನುಗ್ಗಿದ್ದು ದೊಡ್ಡ ದಂಡೇನೂ ಆಗಿರಬೇಕಿಲ್ಲ. ಕೆಲವೇ ಹೆಣ್ಣು ನೊಣ ಸಾಕು.

ಎರಡು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿ ಹೊರಗೆ ಬಂದು ಸುತ್ತಾಡುವುದಿಲ್ಲ. ಮೊಟ್ಟೆ ಅಂಟಿದ ಜಾಗದಿಂದಲೇ ಸೀದಾ ಹುಳುವಿನ ಚರ್ಮ ಕೊರೆದು ಒಳಗೆ ಇಳಿಯುತ್ತದೆ. ಒಳಗೆ ಊಟಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಗಾಳಿಗೆ. ಹುಳುವಿನ ಮೈಯೊಳಗೆ ತುಂಬಿರುವುದು ದ್ರವ. ಅದರಲ್ಲಿ ಮುಳುಗಿದ ಮರಿ ಉಸಿರಾಡುವುದು ಹೇಗೆ?

ಇಲ್ಲಿಯ ಸಂಗತಿ ನನ್ನನ್ನು ಬಹಳ ಕಾಡಿದ್ದು. ರೇಷ್ಮೆ ಹುಳು ಸುಮ್ನೆ ಸಾಯುವುದಿಲ್ಲ. ಒಳಗೆ ಯಾರೋ ಬಂದರು ಅಂತ ಅದರ ಮೈಗೆ ತಿಳಿಯುತ್ತದೆ. ಅದರ ರಕ್ತದ ಕಣಗಳು ಓಡಿ ಬಂದು ಮರಿಯನ್ನು ಸುತ್ತುವರಿಯುತ್ತವೆ. ಒಂದರ ಮೇಲೊಂದು ಅಂಟಿಕೊಂಡು ಗೋಡೆ ಕಟ್ಟುತ್ತವೆ. ಗೋಡೆ ಗಟ್ಟಿಯಾಗುತ್ತ ಕಪ್ಪಾಗುತ್ತದೆ. ನಮ್ಮ ಕೂದಲಿಗೆ ಕಪ್ಪು ಕೊಡುವ ಮೆಲನಿನ್ ಇದೆಯಲ್ಲ, ಅಂಥದ್ದೇ ವಸ್ತು. ಬೇರೆ ಎಷ್ಟೋ ಸಣ್ಣ ಶತ್ರುಗಳನ್ನು ಕೀಟಗಳು ಹೀಗೇ ಗೋಡೆ ಕಟ್ಟಿ ಉಸಿರುಗಟ್ಟಿಸಿ ಕೊಲ್ಲುತ್ತವೆ.

ಆದರೆ ಊಜಿ ಮರಿ ಆ ಗೋಡೆಯನ್ನೇ ತನ್ನ ಉಸಿರಿನ ಕೊಳವೆ ಮಾಡಿಕೊಳ್ಳುತ್ತದೆ. ತಾನು ಒಳಗೆ ಬಂದ ತೂತಿನ ಕಡೆ ಹಿಂಭಾಗ ಇಟ್ಟುಕೊಂಡು ಕೂರುತ್ತದೆ. ಅದರ ಉಸಿರಾಟದ ರಂಧ್ರಗಳು ಇರುವುದು ಹಿಂಭಾಗದಲ್ಲೇ. ಸುತ್ತ ಕಟ್ಟುವ ಕರಿ ಗೋಡೆ ಆಲಿಕೆಯ ಆಕಾರ ತಾಳುತ್ತದೆ. ಆಲಿಕೆಯ ತುದಿ ಹುಳುವಿನ ಚರ್ಮಕ್ಕೆ ತೆರೆದುಕೊಂಡಿರುತ್ತದೆ. ಮರಿ ಮುಂದಿನ ಬಾಯಿಂದ ಒಳಗೆ ತಿನ್ನುತ್ತದೆ, ಹಿಂದಿನ ರಂಧ್ರದಿಂದ ಹೊರಗಿನ ಗಾಳಿ ತೆಗೆದುಕೊಳ್ಳುತ್ತದೆ.

ವೈನಿಯ ಅಂಗೈ ಮೇಲೆ ನಾನು ನೋಡಿದ ಕರಿ ಚುಕ್ಕೆ ಅದೇ. ಮೊದಲು ನಾನು ಅದನ್ನು ನೊಣ ಮಾಡಿದ ಗಾಯ ಅಂದುಕೊಂಡಿದ್ದೆ. ಅದು ಹುಳು ಮಾಡಿದ ಕೆಲಸವೂ ಹೌದು. ಉಳಿಯಲು ಅದು ಕಟ್ಟಿದ ಗೋಡೆಯಲ್ಲೇ ಶತ್ರುವಿನ ಮೂಗು ಹೊರಗೆ ಬಂದಿದೆ. ಇದನ್ನು ವೈನಿಗೆ ಹೇಳಿದಾಗ ಅವರು ಡಬ್ಬಿಯ ಮುಚ್ಚಳ ತೆಗೆದು ಮತ್ತೊಮ್ಮೆ ನೋಡಿದರು. "ಪಾಪ, ಅದಕ್ಕೇನ್ ಗೊತ್ತು," ಅಂದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಐದರಿಂದ ಎಂಟು ದಿನ ಮರಿ ಒಳಗೆ ಬೆಳೆಯುತ್ತದೆ. ಬೆಳೆದಂತೆ ಎರಡು ಸಲ ಪೊರೆ ಬಿಡುತ್ತದೆ. ಹುಳು ಚಿಕ್ಕದಿರುವಾಗಲೇ ಮೊಟ್ಟೆ ಬಿದ್ದಿದ್ದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಕಡೆಯ ದಿನಗಳಲ್ಲಿ ಬಿದ್ದಿದ್ದರೆ ಹುಳು ಗೂಡು ಕಟ್ಟುತ್ತದೆ, ಒಳಗೆ ಸಾಯುತ್ತದೆ, ನೊಣದ ಮರಿ ಗೂಡನ್ನು ಕೊರೆದು ಹೊರಗೆ ಬೀಳುತ್ತದೆ. ಅದೇ ತೂತು.

ಇನ್ನೊಂದು ಸಂಗತಿಯನ್ನು ವೈನಿ ಹೇಳಿದರು. ಎಲ್ಲಕ್ಕಿಂತ ಮೊದಲು ಹಣ್ಣಾಗುವ ಹುಳುಗಳನ್ನು ಅವರು ನಂಬುವುದಿಲ್ಲ. ಅವಕ್ಕೆ ಬೇರೆ ಚಂದ್ರಿಕೆ. ಒಳಗೆ ಊಜಿ ಹೊಕ್ಕ ಹುಳು ಉಳಿದವಕ್ಕಿಂತ ಒಂದೆರಡು ದಿನ ಮೊದಲೇ ನೂಲು ಬಿಡಲು ಶುರು ಮಾಡುತ್ತದಂತೆ. ರೇಷ್ಮೆ ಇಲಾಖೆಯವರು ಹೇಳುವುದೂ ಇದನ್ನೇ. ತಿನ್ನಲು ಇನ್ನೂ ಎರಡು ದಿನ ಇದ್ದಾಗ ಅದು ಎಲೆ ಬಿಟ್ಟು ತಲೆ ಎತ್ತಿ ಜಾಗ ಹುಡುಕುತ್ತದೆ. ಆ ಅವಸರ ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಕಾಡಿನ ಹುಳುಗಳನ್ನು ನೋಡಿ. ನೊಣ ಹತ್ತಿರ ಬಂದರೆ ಮೈ ಕೊಡವುತ್ತವೆ. ಎಲೆಯಿಂದ ಕೆಳಗೆ ಬೀಳುತ್ತವೆ. ಕೆಲವಕ್ಕೆ ಮೈತುಂಬ ಮುಳ್ಳು, ಕೂದಲು. ನಮ್ಮ ರೇಷ್ಮೆ ಹುಳುವಿಗೆ ಅದ್ಯಾವುದೂ ಇಲ್ಲ. ಮನುಷ್ಯ ಇದನ್ನು ಸುಮಾರು ಐದು ಸಾವಿರ ವರ್ಷದಿಂದ ಸಾಕುತ್ತ ಬಂದಿದ್ದಾನೆ. ಬಿಳಿ ಹುಳುವನ್ನೇ ಆರಿಸಿದ. ಸುಮ್ನೆ ಕೂರುವ ಹುಳುವನ್ನೇ ಆರಿಸಿದ. ಅದರ ಪತಂಗಕ್ಕೆ ರೆಕ್ಕೆಯಿದೆ, ಹಾರಲು ಬರುವುದಿಲ್ಲ. ಗಿಡದ ಮೇಲೆ ಬಿಟ್ಟರೆ ಹುಳು ಎಲೆ ಹುಡುಕಿಕೊಂಡು ಬದುಕುವುದೂ ಕಷ್ಟ. ಓಡಿಹೋಗುವುದನ್ನು ಅದಕ್ಕೆ ಮರೆಸಿದವರು ನಾವು. ಸಾವಿರಾರು ಹುಳುಗಳನ್ನು ಒಂದೇ ಮನೆಯಲ್ಲಿ, ಒಂದೇ ವಯಸ್ಸಿನಲ್ಲಿ, ತಟ್ಟೆಯಲ್ಲಿ ಬಡಿಸಿದ ಹಾಗೆ ಇಟ್ಟವರೂ ನಾವೇ. ಹಾಗಾಗಿ ಬಾಗಿಲು ಹಾಕುವ ಕೆಲಸ ಹುಳುವಿನದಲ್ಲ, ನಮ್ಮದು. ವೈನಿ ಆ ಬಾಗಿಲಿನ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿರುವುದು ದುಡ್ಡಿಗಾಗಿ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ.

ಊಜಿ ಅನ್ನುವ ಪದ ಎಲ್ಲಿಂದ ಬಂತು ಅಂತ ನಾನು ಎಷ್ಟೋ ದಿನ ಯೋಚಿಸಿದ್ದೆ. ಕನ್ನಡದ್ದಂತೂ ಅಲ್ಲ. ಅದು ಜಪಾನಿ ಪದ. ಅಲ್ಲಿ ಉಜಿ ಅಂದರೆ ನೊಣದ ಮರಿ. ಜಪಾನಿನಲ್ಲೂ ರೇಷ್ಮೆ ಹುಳುವಿಗೆ ಒಂದು ನೊಣ ಕಾಟ ಕೊಡುತ್ತದೆ. ಆದರೆ ಅದು ಬೇರೆ ಜಾತಿ, ಅದರ ದಾರಿಯೂ ಬೇರೆ. ಆ ನೊಣ ಹುಳುವನ್ನು ಮುಟ್ಟುವುದೇ ಇಲ್ಲ. ಹಿಪ್ಪುನೇರಳೆ ಎಲೆಯ ಮೇಲೆ ತೀರ ಸಣ್ಣ ಮೊಟ್ಟೆ ಇಡುತ್ತದೆ. ಹುಳು ಎಲೆಯ ಜೊತೆ ಮೊಟ್ಟೆಯನ್ನೂ ನುಂಗುತ್ತದೆ. ಅದು ಒಡೆಯುವುದು ಹುಳುವಿನ ಹೊಟ್ಟೆಯೊಳಗೆ. 1880ರ ದಶಕದಲ್ಲಿ ಚೂಜಿರೊ ಸಸಾಕಿ ಅನ್ನುವ ಜಪಾನಿ ವಿಜ್ಞಾನಿ ಇದರ ಬದುಕನ್ನು ಹಂತ ಹಂತವಾಗಿ ಹಿಂಬಾಲಿಸಿ ಬರೆದಿಟ್ಟರು. ನಮ್ಮಲ್ಲಿಯ ನೊಣಕ್ಕೆ ಆ ಹೆಸರು ಹಾಗೇ ಅಂಟಿಕೊಂಡಿತು.

ನಮ್ಮ ನೊಣದ ವೈಜ್ಞಾನಿಕ ಹೆಸರು ಎಕ್ಸೊರಿಸ್ಟಾ ಬಾಂಬಿಸಿಸ್. ಇದಕ್ಕೆ ವಿಜ್ಞಾನದಲ್ಲಿ ಹೆಸರು ಬಿದ್ದಿದ್ದು 1880ರಲ್ಲಿ. ಬಂಗಾಳದ ರೇಷ್ಮೆಯಲ್ಲಿ ಅದರ ಕಾಟ ಹಳೆಯದು. ಕರ್ನಾಟಕದಲ್ಲಿ ಮಾತ್ರ ಅದು ಇರಲಿಲ್ಲ. ಮೈಸೂರು ಸೀಮೆಯಲ್ಲಿ ತಲೆಮಾರುಗಳಿಂದ ರೇಷ್ಮೆ ಬೆಳೆಯುತ್ತಿದ್ದರು, ಈ ನೊಣವನ್ನು ನೋಡಿರಲಿಲ್ಲ. ಅದು ಇಲ್ಲಿಗೆ ಬಂದದ್ದು 1980ರಲ್ಲಿ, ಹೆಸರು ಬಿದ್ದು ಸರಿಯಾಗಿ ನೂರು ವರ್ಷದ ಮೇಲೆ. ಹಾರಿ ಬಂದದ್ದಲ್ಲ. ಪಶ್ಚಿಮ ಬಂಗಾಳದಿಂದ ತಂದ ಗೂಡುಗಳ ಜೊತೆ ಬಂತು. ಒಳಗೆ ಮರಿ ಇದ್ದ ಗೂಡು ಕಣ್ಣಿಗೆ ಒಳ್ಳೆ ಗೂಡಿನ ಹಾಗೇ ಕಾಣುತ್ತದಲ್ಲ. ಇಲ್ಲಿ ವರ್ಷವಿಡೀ ಹುಳು ಸಾಕುತ್ತಾರೆ. ಒಂದು ಮನೆಯಲ್ಲಿ ಬೆಳೆ ಮುಗಿದರೆ ಪಕ್ಕದ ಮನೆಯಲ್ಲಿ ಶುರುವಾಗಿರುತ್ತದೆ. ನೊಣಕ್ಕೆ ಒಂದು ದಿನವೂ ಉಪವಾಸ ಬೀಳಲಿಲ್ಲ. ಕೆಲವೇ ವರ್ಷದಲ್ಲಿ ಆಂಧ್ರ, ತಮಿಳುನಾಡಿಗೂ ಹಬ್ಬಿತು. ಕರ್ನಾಟಕದಲ್ಲಿ ಬೆಳೆಯ ಶೇ 10ರಿಂದ 20ರಷ್ಟು ಇದರಿಂದಲೇ ಹೋಗುತ್ತದೆ ಅನ್ನುವುದು ರೇಷ್ಮೆ ವಲಯದಲ್ಲಿ ಎಲ್ಲರೂ ಹೇಳುವ ಲೆಕ್ಕ. ಬೇಸಿಗೆಯಲ್ಲಿ ಕಾಟ ಕಡಿಮೆ, ಮಳೆಗಾಲದಲ್ಲಿ ಜಾಸ್ತಿ.

ನಮ್ಮ ಕಡೆಗೂ ಅದು ಹಾಗೇ ಬಂದಿರಬೇಕು, ಚೀಲಗಳಲ್ಲಿ. ಅಣ್ಣ ಗೂಡು ಮಾರಲು ರಾಮನಗರಕ್ಕೆ ಹೋಗುತ್ತಾನೆ. ರಾತ್ರಿಯಿಡೀ ಪ್ರಯಾಣ. ದಾರಿಯಲ್ಲೇ ಗೂಡುಗಳಿಂದ ಮರಿಗಳು ಹೊರಗೆ ಬಂದು ಚೀಲದ ತಳ ಸೇರುತ್ತವೆ. ಮಾರುಕಟ್ಟೆಯ ನೆಲದ ಮೇಲೂ ಬೀಳುತ್ತವೆ. ಹೊಲಿಗೆಯ ಸಂದಿಯಲ್ಲಿ ಅಡಗಿ ಕಂದು ಕೋಶವಾಗಿ ಕೂರುತ್ತವೆ. ಖಾಲಿ ಚೀಲ ಮಡಚಿ ಊರಿಗೆ ತಂದರೆ ನೊಣವನ್ನೂ ಮಡಚಿ ತಂದಂತೆ. ಈಗ ವೈನಿ ಚೀಲಗಳನ್ನು ಅಂಗಳಕ್ಕೆ ಬಿಡುವುದಿಲ್ಲ. ಹೊಲದ ಗೇಟಿನ ಹತ್ತಿರವೇ ಕುದಿಯುವ ನೀರಿನ ಕೊಪ್ಪರಿಗೆ ಕಾದಿರುತ್ತದೆ. ಅಣ್ಣ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಗಾಡಿ ಇಳಿದರೆ ಮೊದಲು ಚೀಲ ನೀರಿಗೆ, ಆಮೇಲೆ ಚಹಾ.

ಮನೆಯೊಳಗಿನ ಉಳಿದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ, ರೇಷ್ಮೆ ಬೆಳೆಗಾರರಿಗೆ ಅವೆಲ್ಲ ಗೊತ್ತಿದ್ದದ್ದೇ. ಮೊಟ್ಟೆ ಒಡೆಯುವ ಮೊದಲೇ ಕೊಲ್ಲಲು ಊಜಿಸೈಡ್ ಸಿಂಪಡಿಸುತ್ತಾರೆ. ಕಿಟಕಿಯ ಹತ್ತಿರ ಬಿಳಿ ತಟ್ಟೆಯಲ್ಲಿ ಊಜಿ ಟ್ರ್ಯಾಪ್ ಮಾತ್ರೆ ಕರಗಿಸಿದ ನೀರು ಇಡುತ್ತಾರೆ, ನೊಣ ಅದಕ್ಕೆ ಮರುಳಾಗಿ ಬಿದ್ದು ಮುಳುಗುತ್ತದೆ. ಸಿಕ್ಕ ಮರಿಗಳನ್ನು ಸೋಪಿನ ನೀರಿಗೆ ಹಾಕುತ್ತಾರೆ. ನೆಲದಲ್ಲಿ ಬಿರುಕು ಬಿಡಬಾರದು. ಹೊರಬಿದ್ದ ಮರಿ ಬೆಳಕಿಗೆ ಹೆದರಿ ಕತ್ತಲೆ ಹುಡುಕುತ್ತದೆ, ಬಿರುಕಿನೊಳಗೆ, ಮಣ್ಣಿನೊಳಗೆ ಸೇರಿ ಕೋಶವಾಗುತ್ತದೆ. ಹತ್ತರಿಂದ ಹನ್ನೆರಡು ದಿನಕ್ಕೆ ನೊಣ. ವೈನಿ ಪ್ರತಿ ಬೆಳೆ ಮುಗಿದ ಮೇಲೆ ಕೈಯಲ್ಲಿ ಕರಣೆ ಹಿಡಿದು ಮೊಣಕಾಲೂರಿ ಕೂತು ಬಿರುಕು ತುಂಬುತ್ತಾರೆ. ಅವ್ವ ಹಿಂದೆಯೇ ಸಿಮೆಂಟಿನ ಬುಟ್ಟಿ ಸರಿಸುತ್ತ ಹೋಗುತ್ತಾಳೆ.

ಅಪ್ಪನ ಜೊತೆ ಈ ವಿಷಯ ಮಾತಾಡುವಾಗ ಒಂದು ಮಾತು ಹೇಳಿದೆ. ಊಜಿ ನೊಣದ ಬಳಗ ದೊಡ್ಡದು. ಟ್ಯಾಕಿನಿಡೆ ಅನ್ನುವ ಆ ಕುಟುಂಬದಲ್ಲಿ 8,000ಕ್ಕೂ ಜಾಸ್ತಿ ಜಾತಿಯ ನೊಣಗಳನ್ನು ಗುರುತಿಸಿದ್ದಾರೆ. ಹೆಚ್ಚು ಕಡಿಮೆ ಅವೆಲ್ಲ ಬೇರೆ ಕೀಟಗಳ ಮೈಯೊಳಗೆ ಬೆಳೆಯುವವೇ. ಅದೇ ಬಳಗದ ಇನ್ನೊಂದು ನೊಣ ಕಬ್ಬಿನ ರೈತರಿಗೆ ಸಹಾಯ ಮಾಡುತ್ತದೆ. ಸ್ಟರ್ಮಿಯಾಪ್ಸಿಸ್ ಇನ್ಫರೆನ್ಸ್ ಅಂತ ಹೆಸರು. ಕಬ್ಬು ಕೊರೆಯುವ ಹುಳುಗಳೇ ಅದರ ಬೇಟೆ. ಆ ಹುಳು ಕಬ್ಬಿನ ಒಳಗೆ ಸುರಂಗದಲ್ಲಿ ಇರುತ್ತದೆ, ನೊಣಕ್ಕೆ ಸಿಗುವುದಿಲ್ಲ. ಅದಕ್ಕೇ ಈ ನೊಣ ಮೊಟ್ಟೆ ಇಡುವುದಿಲ್ಲ, ಜೀವಂತ ಮರಿಗಳನ್ನೇ ಸುರಂಗದ ಬಾಯಲ್ಲಿ ಬಿಡುತ್ತದೆ. ಮರಿಗಳು ತಾವೇ ತೆವಳಿ ಒಳಗೆ ಹೋಗಿ ಹುಳುವನ್ನು ಸೇರುತ್ತವೆ. ಸಾಕಿ ಹೊಲಕ್ಕೆ ಬಿಡಲೆಂದೇ ಕಬ್ಬಿನ ವಿಜ್ಞಾನಿಗಳು ಈ ನೊಣವನ್ನು ಬೆಳೆಸಿದ್ದಾರೆ.

ಅಪ್ಪ ಬದುವಿನ ಮೇಲೆ ಕೂತಿದ್ದರು. ಎಡಕ್ಕೆ ಕಬ್ಬು, ಬಲಕ್ಕೆ ಹಿಪ್ಪುನೇರಳೆ. ಎರಡನ್ನೂ ಒಮ್ಮೆ ನೋಡಿದರು.

"ಅಂದ್ರ ಈ ಕಡಿ ನೊಣ ಬಂದ್ರ ಕೈ ಮುಗೀಬೇಕು, ಆ ಕಡಿ ಬಂದ್ರ ಹೊಡೀಬೇಕು."

"ಹೂಂ ಅಪ್ಪಾ."

"ನೊಣಕ್ಕೇನು, ಅದರ ಹೊಟ್ಟಿ ಅದಕ್ಕ," ಅಂದರು ಅಪ್ಪ. ಬೆಳೆ ಹೋದ ವರ್ಷ ಇದೇ ಅಪ್ಪ ಆ ನೊಣವನ್ನು ಬೈದ ಬೈಗುಳ ನನಗೆ ಇನ್ನೂ ನೆನಪಿದೆ. ತಿಳಿದುಕೊಂಡ ಮೇಲೆ ಸಿಟ್ಟು ಉಳಿಯುವುದು ಕಷ್ಟ ಅಂತ ನನಗೂ ಅನ್ನಿಸಿದೆ. ಸಿಟ್ಟು ಇಳಿಯಿತು ಅಂತ ಕಿಟಕಿ ತೆರೆದಿಡುವುದಿಲ್ಲ, ಅದು ಬೇರೆ.

ಆ ಭಾನುವಾರ ಊರಿನಿಂದ ಹೊರಡುವಾಗ ವೈನಿ ಒಂದು ಗಾಜಿನ ಬಾಟಲಿ ಕೈಗೆ ಕೊಟ್ಟರು. ಉಪ್ಪಿನಕಾಯಿ ಬಾಟಲಿ. ಒಳಗೆ ಸ್ವಲ್ಪ ಒಣ ಮಣ್ಣು, ಮಣ್ಣಿನ ಮೇಲೆ ಹದಿನಾಲ್ಕು ಕೋಶ. ಸಣ್ಣ ಶೇಂಗಾ ಕಾಳಿನಷ್ಟು, ಕೆಂಪು ಕಂದು ಬಣ್ಣದವು. ಹುಳು ಸಾಕುವ ಅಟ್ಟಣಿಗೆಯ ಮೂಲೆಯಲ್ಲಿ, ಹಳೆ ಗೋಣಿಚೀಲದ ಕೆಳಗೆ ಸಿಕ್ಕಿದ್ದವು. ಬಾಯಿಗೆ ಎರಡು ಮಡಿಕೆ ಮಲ್ ಬಟ್ಟೆ ಬಿಗಿದು ದಾರ ಸುತ್ತಿದ್ದರು. "ಮಕ್ಕಳಿಗೆ ತೋರಸು," ಅಂದರು. "ಆದ್ರ ಒಂದೂ ಹೊರಗ ಹೋಗಬಾರ್ದು ಮತ್ತ."

ವಿಜಯಪುರದ ಮನೆಯಲ್ಲಿ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಒಂಬತ್ತನೆಯ ದಿನ ಬೆಳಗ್ಗೆ ಮೊದಲ ಕೋಶ ಬಿರಿಯಿತು. ನೊಣ ಹೊರಗೆ ಬರುವ ರೀತಿ ನೋಡಬೇಕು. ಕೋಶದ ಗೋಡೆ ಗಟ್ಟಿ. ಕಡಿಯಲು ನೊಣಕ್ಕೆ ಹಲ್ಲಿಲ್ಲ. ಅದು ಹಣೆಯಿಂದ ಒಂದು ತೆಳು ಚೀಲವನ್ನು ಉಬ್ಬಿಸುತ್ತದೆ, ಥೇಟ್ ಬಲೂನಿನ ಹಾಗೆ. ಉಬ್ಬಿಸಿ, ಇಳಿಸಿ, ಮತ್ತೆ ಉಬ್ಬಿಸಿ ಕೋಶದ ತುದಿಯನ್ನು ಮುಚ್ಚಳದಂತೆ ತಳ್ಳುತ್ತದೆ. ಹೊರಗೆ ಬಂದ ಮೇಲೆ ಆ ಚೀಲ ತಲೆಯೊಳಗೆ ಸೇರಿಹೋಗುತ್ತದೆ. ಆಮೇಲೆ ಅದರ ಉಪಯೋಗವಿಲ್ಲ. ಹಣೆಯ ಮೇಲೆ ಒಂದು ಗೆರೆ ಮಾತ್ರ ಉಳಿಯುತ್ತದೆ. ಬಾಟಲಿಯನ್ನು ಕಾಲೇಜಿಗೆ ಒಯ್ದೆ. ಮಕ್ಕಳು ಬೆಂಚು ಬಿಟ್ಟು ಎದ್ದು ಬಂದು ಸುತ್ತ ನಿಂತರು. ಹಿಂದಿನ ಬೆಂಚಿನಲ್ಲಿ ಕೂರುವ ಅಥಣಿ ಕಡೆಯ ಹುಡುಗ, ವರ್ಷವಿಡೀ ಬಾಯಿ ಬಿಡದವನು, ನೋಡಿದ ಕೂಡಲೇ ಅಂದ, "ಮ್ಯಾಡಂ, ಇದು ಊಜಿ. ನಮ್ಮನ್ಯಾಗೂ ಹುಳಾ ಸಾಕ್ತೀವಿ." ಆವತ್ತಿನ ಪಾಠದ ಅರ್ಧ ಅವನೇ ಹೇಳಿದ. ನಾನು ಕೂತು ಕೇಳಿದೆ.

ಹನ್ನೆರಡನೆಯ ದಿನದ ಹೊತ್ತಿಗೆ ಹನ್ನೊಂದು ನೊಣ ಹೊರಬಂದಿದ್ದವು. ವೈನಿಗೆ ಕೊಟ್ಟ ಮಾತಿನಂತೆ ಒಂದನ್ನೂ ಬಿಡಲಿಲ್ಲ. ಮೂರು ಕೋಶ ಹಾಗೇ ಉಳಿದವು. ಸತ್ತಿರಬೇಕು ಅಂದುಕೊಂಡೆ. ಬಾಟಲಿ ತೊಳೆಯಲು ಮನಸ್ಸಾಗದೆ ಹಾಗೇ ಇಟ್ಟೆ.

ಮತ್ತೆ ಮೂರು ದಿನ. ಬೆಳಗ್ಗೆ ಚಹಾ ಹಿಡಿದು ಕಿಟಕಿಯ ಹತ್ತಿರ ಹೋದರೆ ಗಾಜಿನ ಒಳಮೈ ಮೇಲೆ ಕರಿ ಎಳ್ಳು ಹರಡಿದಂತೆ ಏನೋ. ಎಳ್ಳಿಗಿಂತಲೂ ಚಿಕ್ಕವು. ಅವು ನಡೆಯುತ್ತಿದ್ದವು. ಒಂದು ಕೋಶದ ಪಕ್ಕದಲ್ಲಿ ಸೂಜಿ ಚುಚ್ಚಿದಂತಹ ದುಂಡು ತೂತು. ಅದರಿಂದ ಇನ್ನೂ ಒಂದೊಂದಾಗಿ ಬರುತ್ತಲೇ ಇದ್ದವು. ಎಣಿಸಲು ನೋಡಿದೆ. ನಲವತ್ತರ ಆಚೆ ಲೆಕ್ಕ ತಪ್ಪಿತು.

ನೆಸೊಲಿಂಕ್ಸ್ ಥೈಮಸ್. ಕಣಜದ ಜಾತಿಯ ಪುಟ್ಟ ಕೀಟ, ಎರಡು ಮಿಲಿಮೀಟರ್ ಕೂಡ ಇಲ್ಲ. ಅದು ಊಜಿಯ ಕೋಶವನ್ನು ಹುಡುಕಿ, ಗೋಡೆ ಚುಚ್ಚಿ, ಒಳಗೆ ಮೊಟ್ಟೆಯಿಡುತ್ತದೆ. ಹುಳುವಿನೊಳಗೆ ಬೆಳೆದ ನೊಣದೊಳಗೆ ಇದರ ಮರಿಗಳು ಬೆಳೆಯುತ್ತವೆ. ಊಜಿಯನ್ನು ಹತೋಟಿಯಲ್ಲಿಡಲು ಇದನ್ನು ಸಾಕಿ, ಪುಟ್ಟ ಚೀಲಗಳಲ್ಲಿ ತುಂಬಿ ಬೆಳೆಗಾರರಿಗೆ ಕೊಡುತ್ತಾರೆ. ಐದನೇ ಹಂತದ ಎರಡನೆಯ ದಿನ ಸಂಜೆ ಚೀಲ ಕಟ್ಟಬೇಕು. ನಾನು ಊರಿಗೆ ಹೋದ ಶನಿವಾರಕ್ಕೆ ಹಿಂದಿನ ದಿನವೇ ಅಣ್ಣ ಅಟ್ಟಣಿಗೆಗೆ ಅದನ್ನು ಕಟ್ಟಿದ್ದ. ವೈನಿ ಗೋಣಿಚೀಲ ಎತ್ತಿ ಕೋಶ ಆರಿಸುವ ಮೊದಲೇ ಇವು ಅಲ್ಲಿಗೆ ತಲುಪಿದ್ದವು.

ಫೋನ್ ಮಾಡಿದೆ. "ವೈನಿ, ನಿಮ್ಮ ಬಾಟಲಿಯೊಳಗ ನೆಸೊ ಬಂದಾವ ನೋಡ್ರಿ. ಕೋಶದಿಂದನ ಬಂದಾವ."

ಆ ಕಡೆ ಒಂದು ಕ್ಷಣ ಸದ್ದಿಲ್ಲ. "ಖರೇನ? ಹಂಗಾದ್ರ ಕೆಲಸಾ ಮಾಡ್ಯಾವ?" ಅಂದರು. ಚೀಲ ಕಟ್ಟುತ್ತಿದ್ದರೇ ಹೊರತು ಅವು ಆಮೇಲೆ ಏನು ಮಾಡುತ್ತವೆ ಅಂತ ವೈನಿ ಒಮ್ಮೆಯೂ ಕಣ್ಣಾರೆ ನೋಡಿರಲಿಲ್ಲ. "ಅವನ್ನ ಸಾಯ್ಸಬ್ಯಾಡ ಮತ್ತ. ಹಂಗ ತಗೊಂಡ ಬಾ."

ಮರುದಿನವೇ ಹೊರಟೆ. ಬಸ್ಸಿನಲ್ಲಿ ಬಾಟಲಿಯನ್ನು ತೊಡೆಯ ಮೇಲೆ, ಸೆರಗಿನ ನೆರಳಲ್ಲಿ ಇಟ್ಟುಕೊಂಡಿದ್ದೆ. ಜಮಖಂಡಿಯಲ್ಲಿ ಪಕ್ಕಕ್ಕೆ ಬಂದು ಕೂತ ಅಜ್ಜಿ ಏನದು ಅಂತ ಕೇಳಿದರು. ಹೇಳಿದೆ. ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಅವರು ತೊಟ್ಟಿದ್ದ ಕುಪ್ಪಸ ಗುಳೇದಗುಡ್ಡದ ಖಣದ್ದು, ಹಳೆಯದಾದರೂ ಹೊಳಪು ಹೋಗಿರಲಿಲ್ಲ.

ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಆ ಬೆಳೆಯ ಗೂಡು ಬಿಡಿಸಿ ಮುಗಿದಿತ್ತು. ಈ ಸಲ ತೂತು ಗೂಡು ಒಂದು ಪುಟ್ಟಿಯೂ ತುಂಬಿರಲಿಲ್ಲ. ಮುಂದಿನ ಬೆಳೆಗೆ ಚಾಕಿ ಹುಳು, ಅಂದರೆ ಎಳೆಯ ಹುಳು, ಆಗಲೇ ಬಂದು ಅಟ್ಟಣಿಗೆ ಸೇರಿದ್ದವು. ಹಳೆಯ ಬೆಳೆಯ ಹಿಕ್ಕೆ, ಒಣ ಕಡ್ಡಿ ಎಲ್ಲ ಗೊಬ್ಬರದ ಗುಂಡಿ ಸೇರಿತ್ತು. ಅಲ್ಲೂ ಊಜಿಯ ಕೋಶಗಳು ಇದ್ದೇ ಇರುತ್ತವೆ. ವೈನಿ ಬಾಟಲಿಯನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ಚುಕ್ಕೆ ಹುಡುಕುವಾಗ ಹುಳುವನ್ನು ನೋಡುತ್ತಾರಲ್ಲ, ಹಾಗೇ ನೋಡಿದರು.

ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ದಾರ ಬಿಚ್ಚಿದರು. ಬಟ್ಟೆ ತೆಗೆದು ಬಾಟಲಿಯನ್ನು ಒಣ ಕಡ್ಡಿಗಳ ನಡುವೆ ಅಡ್ಡ ಮಲಗಿಸಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಬಾಟಲಿಯ ಬಾಯಿಗೆ ಬಂತು, ನಿಂತಿತು, ಕಡ್ಡಿಯ ಮೇಲೆ ಇಳಿಯಿತು. ಅದರ ಹಿಂದೆ ಇನ್ನೊಂದು. ಕತ್ತಲಾಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು.

"ಹುಳಕ್ಕ ಸೊಪ್ಪ ಹಾಕೂ ಹೊತ್ತಾತು," ಅಂತ ವೈನಿ ಎದ್ದರು. ಕೈ ತೊಳೆದುಕೊಂಡು ರೇಷ್ಮೆ ಮನೆಯ ಕಡೆ ನಡೆದರು. ಹೊರಬಾಗಿಲು ಹಾಕಿದ ಸದ್ದು ಕೇಳಿಸಿತು. ಒಂದು ಕ್ಷಣ ಬಿಟ್ಟು, ಒಳಬಾಗಿಲು ತೆಗೆದ ಸದ್ದು.